ಸರ್ವರ್ ಯಾರದಾದರೇನು, ಸಹಿ ನೋಡಿ

ಕಲಬುರಗಿಯ ಒಂದು ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ಅಂದುಕೊಳ್ಳಿ. 40 ಕಂಪ್ಯೂಟರ್, ಎಲ್ಲದರಲ್ಲೂ ಡೆಬಿಯನ್ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ. ಸೆಮಿಸ್ಟರ್ ಶುರುವಾಗುವ ಮುಂಚೆ ಅಪ್‌ಡೇಟ್ ಹಾಕಬೇಕು. ಒಂದೊಂದಕ್ಕೆ 300 ಎಂಬಿ ಅಂದರೂ ಒಟ್ಟು 12 ಜಿಬಿ. 50 ಎಂಬಿಪಿಎಸ್ ಲೈನ್ ಪೂರ್ತಿ ಲ್ಯಾಬಿಗೇ ಸಿಕ್ಕರೂ ಅರ್ಧ ಗಂಟೆ ದಾಟುತ್ತದೆ. ಪೂರ್ತಿ ಯಾರು ಬಿಡ್ತಾರೆ? ಆಫೀಸಿನವರು ಅದೇ ಲೈನಿನಲ್ಲಿ ಪರೀಕ್ಷೆ ಅರ್ಜಿ ತುಂಬುತ್ತಿರುತ್ತಾರೆ. ಇಷ್ಟಕ್ಕೂ 40 ಯಂತ್ರಗಳು ತರಿಸಿಕೊಳ್ಳುವುದು ಹೆಚ್ಚುಕಡಿಮೆ ಅವವೇ ಫೈಲುಗಳನ್ನು.

ಅದಕ್ಕೇ ಒಂದು ಪ್ರತಿ ಊರಲ್ಲೇ ಇಟ್ಟುಕೊಳ್ಳುವುದು. ಡೆಬಿಯನ್‌ನ ಸಾಫ್ಟ್‌ವೇರ್ ಉಗ್ರಾಣವನ್ನೇ, ಅಂದರೆ ಇಡೀ ರೆಪೊಸಿಟರಿಯನ್ನೇ ನಕಲು ಮಾಡಿದರೆ ಅದು ಮಿರರ್. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಸುಮಾರು 70 ಸಾವಿರ ಪ್ಯಾಕೇಜ್‌ಗಳಿವೆ (ಇನ್‌ಸ್ಟಾಲ್ ಮಾಡಲು ಸಿದ್ಧವಾದ ಸಾಫ್ಟ್‌ವೇರ್ ಕಟ್ಟುಗಳು). ಮಿರರ್‌ಗೆ ನೂರಾರು ಜಿಬಿ ಜಾಗ ಬೇಕು. ಒಂದು ಲ್ಯಾಬಿಗೆ ಇದು ಜಾಸ್ತಿಯೇ ಆಯಿತು. ಆಪ್ಟ್-ಕ್ಯಾಷರ್-ಎನ್‌ಜಿಯಂಥ ಕ್ಯಾಶ್ ಸಾಕು: ಮೊದಲ ಯಂತ್ರ ಕೇಳಿದ್ದನ್ನು ಹೊರಗಿನಿಂದ ತಂದು ಕೊಡುತ್ತದೆ, ಉಳಿದ 39ಕ್ಕೆ ತನ್ನ ಡಿಸ್ಕಿನಿಂದಲೇ ಬಡಿಸುತ್ತದೆ. ಬೀದರ್, ಯಾದಗಿರಿ ಕಾಲೇಜುಗಳಿಗೂ ಸೇರಿ ಒಂದೇ ಕಡೆಯಿಂದ ಕೊಡಬೇಕು ಅಂದರೆ ಮಾತ್ರ ಮಿರರ್‌ನ ಯೋಚನೆ ಮಾಡಿ.

ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ. ಮೂಲೆಯಲ್ಲಿ ಧೂಳು ಹಿಡಿದ ಹಳೇ ಯಂತ್ರದಿಂದ ಬಂದ ಸಾಫ್ಟ್‌ವೇರ್ ನಂಬುವುದು ಹೇಗೆ? ಯಾರಾದರೂ ಅದರೊಳಗೆ ಕೈಯಾಡಿಸಿದ್ದರೆ?

ನಂಬಲೇಬೇಕಿಲ್ಲ. ಈ ವ್ಯವಸ್ಥೆಯ ಜಾಣತನ ಇರುವುದೇ ಇಲ್ಲಿ. ಕಲಬುರಗಿಯ ತೊಗರಿ ಬೇಳೆ ಚೀಲ ಯಾವ ಲಾರಿಯಲ್ಲಿ ಬಂತು ಅಂತ ಕೊಳ್ಳುವವರು ಕೇಳುವುದಿಲ್ಲ, ಸೀಲ್ ಒಡೆದಿಲ್ಲ ತಾನೇ ಅಂತ ನೋಡುತ್ತಾರೆ. ಡೆಬಿಯನ್‌ನ ಸೀಲ್ ಮೂರು ಹಂತದ್ದು. ಪ್ರತಿ ಪ್ಯಾಕೇಜ್ ಫೈಲಿಗೂ ಎಸ್‌ಎಚ್‌ಎ-256 ಎಂಬ ಲೆಕ್ಕದಿಂದ 64 ಅಕ್ಷರಗಳ ಒಂದು ಗುರುತು (ಹ್ಯಾಶ್) ಬರುತ್ತದೆ. ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಈ ಗುರುತುಗಳೆಲ್ಲ ‘ಪ್ಯಾಕೇಜಸ್’ ಎಂಬ ಪಟ್ಟಿಯಲ್ಲಿರುತ್ತವೆ. ಆ ಪಟ್ಟಿಯ ಗುರುತು ‘ಇನ್‌ರಿಲೀಸ್’ ಎಂಬ ಸಣ್ಣ ಫೈಲಿನಲ್ಲಿ. ಈ ಸಣ್ಣ ಫೈಲಿಗೆ ಮಾತ್ರ ಡೆಬಿಯನ್‌ನವರು ತಮ್ಮ ಗುಪ್ತ ಕೀಲಿಯಿಂದ ಸಹಿ ಹಾಕುತ್ತಾರೆ. ಅದನ್ನು ಪರೀಕ್ಷಿಸುವ ಸಾರ್ವಜನಿಕ ಕೀಲಿ ನಿಮ್ಮ ಯಂತ್ರದಲ್ಲಿ ಇನ್‌ಸ್ಟಾಲ್ ಮಾಡಿದಾಗಲೇ ಬಂದು ಕೂತಿರುತ್ತದೆ. ಮಿರರ್‌ನಲ್ಲಿ ಯಾರೇ ಒಂದು ಪ್ಯಾಕೇಜ್ ತಿದ್ದಿದರೂ ಪಟ್ಟಿ ತಿದ್ದಬೇಕು, ಪಟ್ಟಿ ತಿದ್ದಿದರೆ ಇನ್‌ರಿಲೀಸ್ ತಿದ್ದಬೇಕು. ಅಲ್ಲಿ ಸಿಕ್ಕಿಬೀಳುತ್ತಾರೆ. ಡೆಬಿಯನ್‌ನಲ್ಲಿ ಪ್ಯಾಕೇಜ್ ತಂದು ಹಾಕುವ ಪ್ರೋಗ್ರಾಂ ಆಪ್ಟ್. 2007ರ ಡೆಬಿಯನ್ 4.0ಯಿಂದ ಅದು ಈ ತಪಾಸಣೆಯನ್ನು ತಾನೇ ಮಾಡುತ್ತದೆ.

ಹಾಗಾಗಿ ಊರಿನ ಮಿರರ್‌ನಲ್ಲಿ ನಿಜವಾದ ತಲೆನೋವು ಕಳ್ಳರದ್ದಲ್ಲ, ಕರೆಂಟಿನದ್ದು.

"ಸರ್, ಹ್ಯಾಶ್ ಸಮ್ ಮಿಸ್‌ಮ್ಯಾಚ್ ಅಂತ ಬರ್ಲಕತ್ತದ್ರಿ" ಅಂತ ಲ್ಯಾಬ್ ಹುಡುಗ ಬಂದರೆ ಬಹಳ ಸಲ ಕಾರಣ ಇಷ್ಟೇ: ನಕಲು ಅರ್ಧಕ್ಕೆ ನಿಂತಿದೆ. ಮೇ ತಿಂಗಳ ಮಧ್ಯಾಹ್ನ, ಸಿಂಕ್ (ಮೂಲದಿಂದ ಹೊಸದನ್ನು ನಕಲು ಮಾಡುವ ಕೆಲಸ) ನಡೆಯುತ್ತಿದೆ, ಕರೆಂಟ್ ಹೋಯಿತು. ಹೊಸ ಇನ್‌ರಿಲೀಸ್ ಬಂದಿದೆ, ಪಟ್ಟಿ ಮಾತ್ರ ಹಳೆಯದು. ಗುರುತು ತಾಳೆಯಾಗುವುದಿಲ್ಲ. ಪಟ್ಟಿಯೂ ಹೊಸದಾಗಿ, ಪ್ಯಾಕೇಜ್ ಮಾತ್ರ ಬಂದಿಲ್ಲದಿದ್ದರೆ 404 ಎರರ್, ಅಂದರೆ ಕೇಳಿದ ಫೈಲೇ ಇಲ್ಲ. ಇದಕ್ಕೆ ಮದ್ದು ಯುಪಿಎಸ್ ಒಂದೇ ಅಲ್ಲ, ನಕಲು ಮಾಡುವ ಕ್ರಮ. ಮೊದಲು ಹೊಸ ಪ್ಯಾಕೇಜ್‌ಗಳನ್ನಷ್ಟೇ ತನ್ನಿ. ಎಲ್ಲ ಬಂದ ಮೇಲೆ ಪಟ್ಟಿಗಳನ್ನು ಬದಲಿಸಿ. ಹಳೇ ಪ್ಯಾಕೇಜ್ ಅಳಿಸುವುದು ಕಟ್ಟಕಡೆಗೆ. ದೊಡ್ಡ ಪ್ಯಾಕೇಜ್‌ಗಳು ಇಳಿಯುವಾಗ ಕರೆಂಟ್ ಹೋದರೂ ಯಾರೂ ಕೇಳದ ನಾಲ್ಕು ಫೈಲು ಡಿಸ್ಕಿನಲ್ಲಿ ಸುಮ್ನೆ ಬಿದ್ದಿರುತ್ತವೆ, ಅಷ್ಟೇ. ಡೆಬಿಯನ್‌ನವರ ಎಫ್‌ಟಿಪಿಸಿಂಕ್ ಸ್ಕ್ರಿಪ್ಟ್ ಮಾಡುವುದು ಇದನ್ನೇ. ಫೈಲು ನಕಲಿಸುವ ಆರ್‌ಸಿಂಕ್‌ನ ಒಂದು ಸಾಲು ಕೈಯಾರೆ ಬರೆದು, ಹೊತ್ತಿಗೆ ಸರಿಯಾಗಿ ತಾನೇ ಓಡಿಸುವ ಕ್ರಾನ್‌ಗೆ ಹಾಕುವವರು ಈ ಕ್ರಮವನ್ನೇ ಮರೆಯುತ್ತಾರೆ.

ಸೆಕ್ಯುರಿಟಿ ಅಪ್‌ಡೇಟ್‌ಗಳನ್ನು ಮಾತ್ರ ಊರಿನ ಮಿರರ್‌ನಲ್ಲಿ ಇಡದೆ ಮೂಲದಿಂದಲೇ ತರಿಸಿ. ನಿಮ್ಮ ಸಿಂಕ್ ಯಾವತ್ತೋ ನಿಂತುಹೋಗಿದ್ದರೆ ಹಳೇ ಪಟ್ಟಿಯ ಸಹಿಯೂ ಸರಿಯಾಗೇ ಇರುತ್ತದೆ, ಅಲ್ವಾ? ಇದಕ್ಕೇ ಸೆಕ್ಯುರಿಟಿ ಪಟ್ಟಿಯಲ್ಲಿ ಮುಗಿಯುವ ದಿನಾಂಕವನ್ನೂ ಹಾಕುತ್ತಾರೆ. ತಮಾಷೆ ನಡೆಯುವುದು ಹಳೇ ಪಿಸಿಗಳಲ್ಲಿ: ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಸತ್ತು ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗಿರುತ್ತದೆ. ಆಪ್ಟ್ ‘ಈ ಪಟ್ಟಿಯ ದಿನಾಂಕ ಇನ್ನೂ ಬಂದೇ ಇಲ್ಲ’ ಅಂತ ಹಟ ಹಿಡಿಯುತ್ತದೆ. ನೆಟ್‌ವರ್ಕ್ ಬೈಯುವ ಮುಂಚೆ ತಾರೀಖು ನೋಡಿ. ಎರರ್ ಬಾಯಿ ಮುಚ್ಚಿಸಲು ಆಪ್ಟ್‌ನ ಸೆಟ್ಟಿಂಗ್‌ನಲ್ಲಿ ‘ಟ್ರಸ್ಟೆಡ್=ಯೆಸ್’ (ಸಹಿ ಕೇಳದೆ ನಂಬು) ಅಂತ ಬರೆಯುವವರೂ ಇದ್ದಾರೆ. ಹಾಗೆ ಬರೆದರೆ ಮೇಲೆ ಹೇಳಿದ ತಪಾಸಣೆಯೆಲ್ಲ ಹೊಳೆಯಲ್ಲಿ ಹುಣಸೆ ತೊಳೆದಂತೆ.

ಆದರೆ ಸಹಿ ಹೇಳುವುದು ಯಾರು ಕೊಟ್ಟರು ಅಂತ. ಒಳಗಿರುವುದು ಒಳ್ಳೆಯದೇ ಅಂತ ಅಲ್ಲ. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಎಕ್ಸ್‌ಜೆಡ್ ಎಂಬ ಕಂಪ್ರೆಷನ್ ಸಾಫ್ಟ್‌ವೇರಿನ 5.6.0, 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು (ಹೊರಗಿನವರು ನುಸುಳುವ ಕಳ್ಳದಾರಿ) ಇರುವುದನ್ನು ಬಯಲು ಮಾಡಿದರು. ಎಸ್‌ಎಸ್‌ಎಚ್ ಮೂಲಕ ದೂರದ ಕಂಪ್ಯೂಟರಿಗೆ ಲಾಗಿನ್ ಆಗುವುದು ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದ್ದುದು ಅವರಿಗೆ ವಿಚಿತ್ರ ಅನಿಸಿತ್ತು. ಅದನ್ನು ಸೇರಿಸಿದ್ದು ಆ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದವರಲ್ಲೇ ಒಬ್ಬರ ಹೆಸರಿನಲ್ಲಿ. ಹಾಗಾಗಿ ಡೆಬಿಯನ್ ಸಹಿ ಸಮೇತ ಅದು ಟೆಸ್ಟಿಂಗ್ ರೆಪೊಸಿಟರಿ (ಮುಂದಿನ ಆವೃತ್ತಿಯನ್ನು ಪರೀಕ್ಷಿಸುವ ಜಾಗ) ತನಕ ಬಂದಿತ್ತು. ಆಪ್ಟ್ ಸಾಮಾನ್ಯವಾಗಿ ದೊಡ್ಡ ನಂಬರಿನ ಆವೃತ್ತಿಯನ್ನೇ ಎತ್ತಿಕೊಳ್ಳುತ್ತದೆ. ಹಳೆಯದಕ್ಕೆ ಮರಳಲು ಡೆಬಿಯನ್‌ನವರು ‘5.6.1+ರಿಯಲಿ5.4.5’ ಅಂತ ಹೆಸರಿಟ್ಟು ಹೊಸ ಪ್ಯಾಕೇಜ್ ಬಿಡಬೇಕಾಯಿತು. ಲ್ಯಾಬ್‌ನಲ್ಲಿ ಸ್ಟೇಬಲ್ (ಪರೀಕ್ಷೆ ಮುಗಿಸಿ ಬಿಡುಗಡೆಯಾದ ಆವೃತ್ತಿ) ಇಟ್ಟುಕೊಂಡಿದ್ದವರಿಗೆ ಇದರ ಬಿಸಿ ತಟ್ಟಲಿಲ್ಲ. ಕೆಟ್ಟ ಆವೃತ್ತಿ ಅಲ್ಲಿಯವರೆಗೆ ಬಂದಿರಲೇ ಇಲ್ಲ.