ಹಂಚು ತಾಗಿದಾಗ ಕೈ ಮೊದಲು, ಉರಿ ಆಮೇಲೆ: ಯಾಕೆ?

ಪ್ರಶ್ನೆ: ರೊಟ್ಟಿ ಮಾಡುವಾಗ ಬೆರಳು ಬಿಸಿ ಹಂಚಿಗೆ ತಾಗಿದರೆ ಕೈ ತಾನಾಗಿಯೇ ಹಿಂದಕ್ಕೆ ಬರುತ್ತದೆ. ಉರಿ ಗೊತ್ತಾಗೋದು ಆಮೇಲೆ. ನೋವೇ ಗೊತ್ತಾಗದೆ ಕೈ ತೆಗೀಬೇಕು ಅಂತ ಹೇಗೆ ತಿಳೀತು?
(ಜಮಖಂಡಿ ಕಡೆಯ ಓದುಗರೊಬ್ಬರು)

ಉತ್ತರ: ಕೈಯನ್ನು ಹಿಂದಕ್ಕೆ ಎಳೆದದ್ದು ನಿಮ್ಮ ಬೆನ್ನುಹುರಿ. ಇಂಥ ಕೆಲಸಕ್ಕೆ ಅದು ಮೆದುಳಿನ ಅಪ್ಪಣೆ ಕಾಯುವುದಿಲ್ಲ. ಸುದ್ದಿ ಮೆದುಳಿಗೆ ಮುಟ್ಟಿ, ಅದನ್ನು ನಾವು ನೋವು ಅಂತ ಅರಿಯುವ ಹೊತ್ತಿಗೆ ಕೈ ಆಗಲೇ ಹಂಚಿನಿಂದ ದೂರ ಬಂದಿರುತ್ತದೆ.

ನಮ್ಮ ಅವ್ವ ಒಲೆ ಮುಂದೆ ಕೂತಾಗ ಇದನ್ನು ಎಷ್ಟೋ ಸಲ ನೋಡಿದ್ದೇನೆ. ರೊಟ್ಟಿ ಬಡಿದು ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರಿ, ಅಂಚು ಹಿಡಿದು ಬರಿಗೈಲೇ ತಿರುವಿ ಹಾಕುತ್ತಾಳೆ. ಯಾವಾಗಲೋ ಒಮ್ಮೆ ಬೆರಳ ತುದಿ ಹಂಚಿಗೆ ತಾಗುತ್ತದೆ. ಮೊಣಕೈ ಮಡಚಿ ಕೈ ಎದೆ ಹತ್ತಿರ ಬಂದುಬಿಡುತ್ತದೆ. ‘ಸ್ಸ್’ ಅನ್ನುವುದು ಅದಾದ ಮೇಲೆ. ಬೆರಳು ಬಾಯಿಗೆ ಹೋಗುವುದು ಇನ್ನೂ ಆಮೇಲೆ. ಕೈ ಎಳೆದದ್ದು ಒಂದು ದಾರಿಯ ಕೆಲಸ, ‘ಸ್ಸ್’ ಅನ್ನಿಸಿದ್ದು ಇನ್ನೊಂದು ದಾರಿಯದು.

ದಾರಿ ಅಂದೆನಲ್ಲ, ಆ ದಾರಿಯೇ ನರ. ಆದರೆ ನಮ್ಮಲ್ಲಿ ಮುಂಗೈ ಮೇಲೆ ನೀಲಿಯಾಗಿ ಉಬ್ಬಿ ಕಾಣುವುದಕ್ಕೂ ನರ ಅಂತಲೇ ಹೇಳುತ್ತಾರೆ. ‘ಸಲೈನ್ ಹಚ್ಚಾಕ ನರಾನ ಸಿಗವಲ್ದು’ ಅನ್ನುವ ಮಾತು ಯಾವ ದವಾಖಾನೆಯಲ್ಲೂ ಕೇಳಿಸುತ್ತದೆ. ಅದು ರಕ್ತನಾಳ. ನಾನು ಹೇಳುತ್ತಿರುವ ನರ ಬಿಳಿ ದಾರದ ಹಾಗೆ ಇರುತ್ತದೆ. ಅದು ರಕ್ತ ಸಾಗಿಸುವುದಿಲ್ಲ, ಸುದ್ದಿ ಸಾಗಿಸುತ್ತದೆ. ಕಣ್ಣಿಗೆ ಕಾಣದಿದ್ದರೂ ಒಂದು ಕಡೆ ಅದನ್ನು ಮುಟ್ಟಿ ನೋಡಬಹುದು. ಮೊಣಕೈಯ ಒಳಬದಿಗೆ ಎಲುಬು ಉಬ್ಬಿದೆಯಲ್ಲ, ಅದರ ಹಿಂದೆ ಬೆರಳಿಟ್ಟು ಮೆಲ್ಲಗೆ ಆಡಿಸಿ. ದಾರದಂಥದ್ದು ಜಾರುತ್ತದೆ. ಬಾಗಿಲಿಗೆ ಮೊಣಕೈ ಬಡಿದಾಗ ಕಿರುಬೆರಳಿನ ತನಕ ಕರೆಂಟ್ ಹೊಡೆದ ಹಾಗೆ ಜುಮ್ ಅನ್ನುವುದು ಇದಕ್ಕೇ ಏಟು ಬಿದ್ದು.

ತಲೆಯೊಳಗೆ ಸುಮಾರು 1.4 ಕಿಲೋ ತೂಕದ ಮೆದುಳು. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳು. ಮೆದುಳಿನಿಂದ ಕೆಳಗೆ ಇಳಿದದ್ದು ಬೆನ್ನುಹುರಿ. ಮೆದುಳಿನಿಂದ 12 ಜೊತೆ, ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಟು ಮೈಯೆಲ್ಲ ಹರಡುತ್ತವೆ. ನರವ್ಯೂಹ ಅಂದರೆ ಇಷ್ಟೂ ಸೇರಿ.

ಬೆನ್ನುಹುರಿ ಬೇರೆ, ಬೆನ್ನೆಲುಬು ಬೇರೆ. ಬೆನ್ನೆಲುಬಿನ ಮಣಿಗಳ ನಡುವೆ ಇರುವ ಪೊಳ್ಳಿನಲ್ಲಿ ಇಳಿಯುವ ಮೆತ್ತನೆಯ ಹುರಿ ಅದು. ಹೆಚ್ಚುಕಡಿಮೆ ಕಿರುಬೆರಳಿನಷ್ಟು ದಪ್ಪ, ದೊಡ್ಡವರಲ್ಲಿ ಸುಮಾರು 45 ಸೆಂಟಿಮೀಟರ್ ಉದ್ದ. ಸೊಂಟಕ್ಕಿಂತ ಸ್ವಲ್ಪ ಮೇಲೆಯೇ ಅದು ಮುಗಿದುಹೋಗುತ್ತದೆ. ಹೆರಿಗೆ ಆಪರೇಷನ್ ವೇಳೆ ಬೆನ್ನಿಗೆ ಕೊಡುವ ಸೂಜಿ ಬೆನ್ನುಹುರಿಗೇ ಚುಚ್ಚುತ್ತದೆ ಅಂತ ಹೆದರುವ ಹೆಣ್ಣುಮಕ್ಕಳು ಜಾಸ್ತಿ. ಆ ಸೂಜಿ ಹಾಕುವ ಜಾಗದಲ್ಲಿ ಹುರಿಯೇ ಇರುವುದಿಲ್ಲ. ಬರೀ ನೀರು, ಅದರಲ್ಲಿ ತೇಲುವ ನರಗಳ ಎಳೆಗಳು.

ಈಗ ಹಂಚಿನ ಹತ್ತಿರ ಬರೋಣ. ಬೆರಳ ತುದಿಯ ಚರ್ಮದಲ್ಲಿ ನರಕೋಶಗಳ ತುದಿಗಳಿವೆ. ಈ ಒಂದೊಂದು ಕೋಶವೂ ಒಂದು ಅಚ್ಚರಿ. ಅದರ ಒಡಲು ಇರುವುದು ಕುತ್ತಿಗೆಯ ಹತ್ತಿರ, ಬೆನ್ನುಹುರಿಯ ಪಕ್ಕದಲ್ಲಿ. ಅಲ್ಲಿಂದ ಬೆರಳಿನ ತನಕ ಒಂದೇ ಎಳೆ, ಹತ್ತಿರ ಹತ್ತಿರ ಒಂದು ಮೀಟರ್ ಉದ್ದ. ಕಣ್ಣಿಗೆ ಕಾಣದಷ್ಟು ಸಣ್ಣ ಕೋಶಕ್ಕೆ ಸುಮಾರು ಅರ್ಧ ಮಾರು ಉದ್ದದ ಬಾಲ! ಚರ್ಮ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿ ಕಾದರೆ ಈ ತುದಿಯಲ್ಲಿರುವ ಪುಟ್ಟ ಬಾಗಿಲುಗಳು ತೆರೆದುಕೊಳ್ಳುತ್ತವೆ. ಎಳೆಯ ಉದ್ದಕ್ಕೂ ಒಂದು ಮಿಂಚು ಓಡುತ್ತದೆ.

ಮಿಂಚು ಬೆನ್ನುಹುರಿಗೆ ಬಂದ ಕೂಡಲೇ ದಾರಿ ಎರಡಾಗುತ್ತದೆ. ಒಂದು ಕವಲು ಮೇಲೆ ಮೆದುಳಿನ ಕಡೆ ಹೊರಡುತ್ತದೆ. ಇನ್ನೊಂದು ಅಲ್ಲೇ ಪಕ್ಕದ ನರಕೋಶಗಳನ್ನು ತಟ್ಟಿ ಎಬ್ಬಿಸುತ್ತದೆ. ಅವು ತೋಳಿನ ಮುಂದಿನ ಸ್ನಾಯುವಿಗೆ ‘ಬಿಗಿ’ ಅನ್ನುತ್ತವೆ, ಹಿಂದಿನ ಸ್ನಾಯುವಿಗೆ ‘ಸಡಿಲ ಬಿಡು’ ಅನ್ನುತ್ತವೆ. ಎರಡೂ ಒಟ್ಟಿಗೆ ಬಿಗಿದರೆ ಮೊಣಕೈ ಮಡಚುವುದಾದರೂ ಹೇಗೆ, ಅಲ್ವಾ? ಈ ಅಪ್ಪಣೆ ಒಯ್ಯುವ ಎಳೆಗಳು ಸೆಕೆಂಡಿಗೆ 50 ಮೀಟರ್‌ಗೂ ಜಾಸ್ತಿ ವೇಗದಲ್ಲಿ ಓಡುತ್ತವೆ.

ಹೊಲದಲ್ಲಿ ಬರಿಗಾಲಲ್ಲಿ ಜಾಲಿ ಮುಳ್ಳು ತುಳಿದವರಿಗೆ ಇನ್ನೂ ಒಂದು ಸೊಗಸು ಗೊತ್ತಿರಬೇಕು. ಮುಳ್ಳು ಚುಚ್ಚಿದ ಕಾಲು ಮೇಲೇಳುತ್ತದೆ. ಅದೇ ಕ್ಷಣ ಇನ್ನೊಂದು ಕಾಲು ಗಟ್ಟಿಯಾಗಿ ನಿಂತು ಮೈಭಾರ ಹೊರುತ್ತದೆ. ಇಲ್ಲದಿದ್ದರೆ ಪ್ರತಿ ಸಲವೂ ಬಿದ್ದೇ ಬೀಳುತ್ತಿದ್ದೆವು. ಈ ಲೆಕ್ಕವನ್ನೂ ಬೆನ್ನುಹುರಿಯೇ ಮಾಡುತ್ತದೆ.

ಉರಿ ಯಾಕೆ ತಡ? ನೋವಿನ ಸುದ್ದಿ ಎರಡು ಬಗೆಯ ಎಳೆಗಳಲ್ಲಿ ಬರುತ್ತದೆ. ಒಂದರ ಮೇಲೆ ಕರೆಂಟ್ ವೈರಿಗೆ ಇರುವಂತೆ ತೆಳ್ಳಗೆ ಹೊದಿಕೆ ಇದೆ, ಕೊಬ್ಬಿನಂಶದ್ದು. ಅದರಲ್ಲಿ ಸುದ್ದಿ ಸೆಕೆಂಡಿಗೆ 5ರಿಂದ 30 ಮೀಟರ್ ಓಡುತ್ತದೆ. ಇನ್ನೊಂದು ಬಗೆ ತೀರಾ ಸಣ್ಣ ಎಳೆ, ಹೊದಿಕೆಯೇ ಇಲ್ಲ. ಅದರಲ್ಲಿ ಸೆಕೆಂಡಿಗೆ ಅರ್ಧದಿಂದ 2 ಮೀಟರ್ ಅಷ್ಟೇ, ಅಂದರೆ ನಮ್ಮ ಚಕ್ಕಡಿಯ ವೇಗ. ಅದಕ್ಕೇ ಮೊದಲು ‘ಚುರುಕ್’ ಅನ್ನುತ್ತದೆ, ಸ್ವಲ್ಪ ಬಿಟ್ಟು ‘ಉರಿ’ ಏರುತ್ತದೆ. ನಮ್ಮ ಹಿರಿಯರು ಎರಡಕ್ಕೂ ಬೇರೆ ಬೇರೆ ಮಾತು ಇಟ್ಟಿದ್ದಾರೆ ನೋಡಿ.

ಉರಿ ಎಂಬ ಮಾತಿನ ಬಗ್ಗೆ ಇನ್ನೂ ಒಂದು. ಕೆಂಪು ಮೆಣಸಿನಕಾಯಿ ರಂಜಕ ಅರೆದ ದಿನ ರಾತ್ರಿಯೆಲ್ಲ ಕೈ ಉರಿಯುತ್ತದೆ. ಬೆಂಕಿ ಇಲ್ಲ, ಆದರೂ ಅದಕ್ಕೆ ಉರಿ ಅಂತಲೇ ಅನ್ನುತ್ತೇವೆ. ಅದು ಸುಮ್ನೆ ಹುಟ್ಟಿದ ಮಾತಲ್ಲ. ಮೆಣಸಿನಕಾಯಿಯ ಖಾರ ತೆರೆಯುವುದು ಬಿಸಿ ತೆರೆಯುವ ಆ ಬಾಗಿಲನ್ನೇ. 1997ರಲ್ಲಿ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಮತ್ತು ಅವರ ತಂಡ ಖಾರದ ಜಾಡು ಹಿಡಿದು ಆ ಬಾಗಿಲನ್ನು ಕಂಡುಹಿಡಿದರು. 2021ರಲ್ಲಿ ಜೂಲಿಯಸ್ ಅವರಿಗೆ ನೊಬೆಲ್ ಬಂತು.

ಹಾಗಂತ ಮೆದುಳು ಬೆನ್ನುಹುರಿಯ ಕೈಗೊಂಬೆಯಲ್ಲ. ಒಮ್ಮೆ ಅವ್ವ ಕುದಿಯುವ ಸಾರಿನ ಬೋಗುಣಿ ಇಳಿಸುತ್ತಿದ್ದಳು. ಹಿಡಿದ ಅರಿವೆ ಜಾರಿ ಬೆರಳು ಸುಟ್ಟಿತು. ಕೆಳಗೆ ತಂಗಿಯ ಕೂಸು ಅಂಬೆಗಾಲಿಡುತ್ತಿತ್ತು. ಅವ್ವ ಬೋಗುಣಿ ಬಿಡಲಿಲ್ಲ, ನಾಲ್ಕು ಹೆಜ್ಜೆ ನಡೆದು ಕಟ್ಟೆಯ ಮೇಲೆ ಇಟ್ಟಳು. ಕೂಸು ಕಂಡಾಗಲೇ ಅವಳ ಮೆದುಳು ಕೆಳಗೆ ಅಪ್ಪಣೆ ಕಳಿಸಿತ್ತು: ಕೈ ಎಳೆಯಬೇಡ. ಆಮೇಲೆ ಬೆರಳನ್ನು 20 ನಿಮಿಷ ನಲ್ಲಿಯ ತಣ್ಣೀರಿಗೆ ಹಿಡಿಸಿದೆವು. ಸುಟ್ಟ ಗಾಯಕ್ಕೆ ಮೊದಲು ಮಾಡಬೇಕಾದದ್ದು ಅದೇ. ಟೂತ್‌ಪೇಸ್ಟ್ ಹಚ್ಚಬೇಡಿ, ಶಾಯಿ ಹಚ್ಚಬೇಡಿ.

ನಿಮ್ಮ ಪ್ರಶ್ನೆ ಓದಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಕಾಕಾ. ಯುಗಾದಿಗೆ ಮುಂಚೆ ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯಿಂದ ಸಾವಿರಾರು ಜನ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುತ್ತಾರೆ, ಬಹಳ ಜನ ಬರಿಗಾಲಲ್ಲಿ. ಕಾಕಾನೂ ಹೋಗಿದ್ದ. ಡಾಂಬರು ರಸ್ತೆ ಕಾದಿತ್ತು, ಉಳಿದವರು ಅಂಚಿನ ಮಣ್ಣಿಗೆ ಇಳಿದರೂ ಇವನು ನೆಟ್ಟಗೆ ನಡೆದ. ಸಂಜೆ ಕಾಲು ತೊಳೆಯುವಾಗ ನೀರು ಕೆಂಪಾಯಿತು. ಎರಡೂ ಅಂಗಾಲಿಗೆ ಗುಳ್ಳೆ ಎದ್ದು ಒಡೆದಿದ್ದವು. ‘ಏನೂ ಗೊತ್ತಾಗ್ಲಿಲ್ಲೋ ತಮ್ಮಾ’ ಅಂದ.

ಕಾಕಾನಿಗೆ 12 ವರ್ಷದಿಂದ ಶುಗರ್ ಇತ್ತು. ರಕ್ತದಲ್ಲಿ ಸಕ್ಕರೆ ಬಹಳ ದಿನ ಏರಿಯೇ ಇದ್ದರೆ ನರಗಳು ಕೆಡುತ್ತವೆ. ಉದ್ದದ ಎಳೆಗಳು ಮೊದಲು ಸೋಲುತ್ತವೆ. ಅದಕ್ಕೇ ಅದು ಕಾಲ್ಬೆರಳಿನಿಂದ ಶುರುವಾಗಿ ಮೇಲೇರುತ್ತದೆ. ಮೊದಮೊದಲು ಜುಮ್ ಅನ್ನಬಹುದು, ಉರಿಯಬಹುದು, ಆಮೇಲೆ ಮರಗಟ್ಟುತ್ತದೆ. ಸುದ್ದಿಯೇ ಹೊರಡದಿದ್ದರೆ ಬೆನ್ನುಹುರಿ ಕಾಲು ಎತ್ತುವುದಾದರೂ ಯಾಕೆ? ಗಾಯ ಕೀವಾಗುವ ತನಕ ಮನೆಯವರಿಗೂ ತಿಳಿಯುವುದಿಲ್ಲ.

ಮನೆಯಲ್ಲಿ ಶುಗರ್ ಇರುವವರಿದ್ದರೆ ದಿನಾ ರಾತ್ರಿ ಅಂಗಾಲು ನೋಡಿ, ಬೆರಳುಗಳ ಸಂದಿಯನ್ನೂ ಬಿಡಬೇಡಿ. ಜಳಕದ ನೀರಿನ ಬಿಸಿಯನ್ನು ಅವರ ಕಾಲಿನಿಂದ ನೋಡಿಸಬೇಡಿ, ಬೇರೆಯವರು ಮೊಣಕೈ ಅದ್ದಿ ನೋಡಲಿ. ಬರಿಗಾಲ ಹರಕೆ ಇದ್ದರೆ ದೇವರ ಹತ್ತಿರ ಮಾತಾಡಿಕೊಂಡು ಚಪ್ಪಲಿ ಹಾಕಿಸಿ. ವರ್ಷಕ್ಕೊಮ್ಮೆಯಾದರೂ ಡಾಕ್ಟರಿಗೆ ಪಾದ ತೋರಿಸಿ. ಕಣ್ಣು ಮುಚ್ಚಿಸಿ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಅಲ್ಲಲ್ಲಿ ಒತ್ತುತ್ತಾರೆ, ಒತ್ತಿದ್ದು ಗೊತ್ತಾದರೆ ‘ಹೂಂ’ ಅನ್ನಬೇಕು. ಕಾಕಾ ಹತ್ತು ಕಡೆಯಲ್ಲಿ ಮೂರು ಕಡೆ ಮಾತ್ರ ‘ಹೂಂ’ ಅಂದ.