ಶಾಲೆಯಲ್ಲಿ ಮಗು ದೇವರ ಹೆಸರು ಹೇಳಬಹುದಾ?

"ಸರ್, ಮಗಳು ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ಎರಡು ಸಾಲು ಶ್ಲೋಕ ಹೇಳ್ಕೊಳ್ತಾಳೆ. ಇಲ್ಲಿನ ಸರ್ಕಾರಿ ಶಾಲೇಲಿ ಪ್ರಾರ್ಥನೆ ಮಾಡೋ ಹಾಗಿಲ್ಲ ಅಂತಾರಲ್ಲ, ತೊಂದರೆ ಆಗುತ್ತಾ?" ಅಮೆರಿಕದಲ್ಲಿ ವಕೀಲಿಕೆ ಮಾಡುವ ನನಗೆ ಕನ್ನಡ ಕೂಟದಲ್ಲಿ ಸಿಗುವ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆ ಇದು. ಏನೂ ತೊಂದರೆ ಇಲ್ಲ, ಧೈರ್ಯವಾಗಿ ಹೇಳಿಕೊಳ್ಳಲಿ. ಕೋರ್ಟು ತಡೆದಿರುವುದು ಶಾಲೆಯೇ ನಿಂತು ಮಾಡಿಸುವ ಪ್ರಾರ್ಥನೆಯನ್ನು.

ದೇವರನ್ನು ನಂಬದವರು ಸೇರಿ ಪ್ರಾರ್ಥನೆ ನಿಲ್ಲಿಸಿಬಿಟ್ಟರು ಅಂತ ಜಾಸ್ತಿ ಜನ ನಂಬಿದ್ದಾರೆ. ಆದರೆ ಜಗಳ ಶುರುವಾಗಿದ್ದು ಕ್ರೈಸ್ತರ ನಡುವೆಯೇ, ಪ್ರಾಟೆಸ್ಟೆಂಟ್ ಮತ್ತು ಕ್ಯಾಥೊಲಿಕ್ ಅನ್ನುವ ಎರಡು ಪಂಗಡಗಳ ಮಧ್ಯೆ. ಆಗಿನ ಶಾಲೆಗಳಲ್ಲಿ ಓದಿಸುತ್ತಿದ್ದದ್ದು ಪ್ರಾಟೆಸ್ಟೆಂಟರ ಕಿಂಗ್ ಜೇಮ್ಸ್ ಬೈಬಲ್ ಅನ್ನುವ ಇಂಗ್ಲಿಷ್ ಅನುವಾದ. ನಮ್ಮ ಮಕ್ಕಳು ನಮ್ಮ ಬೈಬಲ್ ಓದಲಿ ಅಂತ ಫಿಲಡೆಲ್ಫಿಯಾದ ಕ್ಯಾಥೊಲಿಕ್ ಬಿಷಪ್ ಕೆನ್ರಿಕ್ ಕೇಳಿಕೊಂಡರು. ಅದೇ ದೊಡ್ಡದಾಗಿ 1844ರಲ್ಲಿ ದಂಗೆಯಾಯಿತು, ಎರಡು ಚರ್ಚ್ ಸುಟ್ಟುಹೋದವು, ಜನ ಸತ್ತರು. 1859ರಲ್ಲಿ ಬಾಸ್ಟನ್ನಿನ ಎಲಿಯಟ್ ಶಾಲೆಯಲ್ಲಿ ಥಾಮಸ್ ವಾಲ್ ಅನ್ನುವ ಕ್ಯಾಥೊಲಿಕ್ ಹುಡುಗ ಬೈಬಲ್ಲಿನ ಹತ್ತು ಆಜ್ಞೆಗಳನ್ನು ಪ್ರಾಟೆಸ್ಟೆಂಟರ ಪಾಠದಂತೆ ಹೇಳಲ್ಲ ಅಂದ. ಶಿಕ್ಷಕ ಬೆತ್ತ ಹಿಡಿದು ಸುಮಾರು ಅರ್ಧ ಗಂಟೆ ಅವನ ಅಂಗೈಗೆ ಹೊಡೆದ. ಕೇಸ್ ಹಾಕಿದರೂ ಶಿಕ್ಷಕನಿಗೆ ಏನೂ ಆಗಲಿಲ್ಲ. ಒಂದೇ ದೇವರು, ಒಂದೇ ಆಜ್ಞೆಗಳು, ಪಾಠ ಮಾತ್ರ ಬೇರೆ. ಅಷ್ಟಕ್ಕೇ ಮಗುವಿನ ಕೈ ಊದಿತು.

ಜಗಳವೇ ಬೇಡ ಅಂತ ನ್ಯೂಯಾರ್ಕಿನ ಶಿಕ್ಷಣ ಮಂಡಳಿ 1951ರಲ್ಲಿ ಯಾವ ಮತಕ್ಕೂ ಸೇರದ ಪ್ರಾರ್ಥನೆಯೊಂದನ್ನು ತಾನೇ ಬರೆಯಿತು. ಇಂಗ್ಲಿಷಿನಲ್ಲಿ ಬರೀ 22 ಪದ. ಬೇಡದ ಮಕ್ಕಳು ಸುಮ್ನೆ ಇರಬಹುದಿತ್ತು. ಆದರೂ 1962ರ ಎಂಗೆಲ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಯಿತು. ಪ್ರಾರ್ಥನೆ ಬರೆಯುವುದು ಸರ್ಕಾರದ ಕೆಲಸ ಅಲ್ಲ ಅಂತ.

"ಇಷ್ಟವಿಲ್ಲದವರು ಹೊರಗೆ ಹೋಗಬಹುದು ಅಂದರೆ ಸಾಕಲ್ವಾ?" ಅಂತ ಕೇಳುವವರಿಗೆ ನಾನು ಮರುವರ್ಷದ ಶೆಂಪ್ ಕೇಸ್ ಓದಿ ಅನ್ನುತ್ತೇನೆ. ಪೆನ್ಸಿಲ್ವೇನಿಯಾದ ಶಾಲೆಗಳಲ್ಲಿ ದಿನಾ ಬೈಬಲ್ಲಿನ ಹತ್ತು ವಚನ ಓದಬೇಕಿತ್ತು. ಹೈಸ್ಕೂಲ್ ಹುಡುಗ ಎಲರಿ ಶೆಂಪ್ 1956ರಲ್ಲಿ ಅದೇ ಹೊತ್ತಿಗೆ ಕುರಾನ್ ತೆರೆದು ಮೌನವಾಗಿ ಓದುತ್ತಾ ಕೂತ. ಅವನ ಅಪ್ಪ ಕೋರ್ಟಿನಲ್ಲಿ ಹೇಳಿದ ಮಾತು ನನ್ನನ್ನು ಇಂದಿಗೂ ತಟ್ಟುತ್ತದೆ. ಕಾರಿಡಾರಿನಲ್ಲಿ ನಿಂತ ಮಗುವನ್ನು ನೋಡಿದವರು ಏನೋ ತಪ್ಪು ಮಾಡಿ ಶಿಕ್ಷೆ ಅನುಭವಿಸುತ್ತಿದೆ ಅಂದುಕೊಳ್ಳುತ್ತಾರೆ, ಅದಕ್ಕೇ ನಾನು ವಿನಾಯಿತಿ ಕೇಳಲಿಲ್ಲ ಅಂದರು. 1963ರಲ್ಲಿ 8-1ರಿಂದ ಆ ಕುಟುಂಬ ಗೆದ್ದಿತು.

2022ರಲ್ಲಿ, ಆಟ ಮುಗಿದ ಮೇಲೆ ಮೈದಾನದಲ್ಲಿ ಮಂಡಿಯೂರಿ ಪ್ರಾರ್ಥಿಸುತ್ತಿದ್ದ ಸರ್ಕಾರಿ ಶಾಲೆಯ ಫುಟ್‌ಬಾಲ್ ಕೋಚ್ ಕೆನಡಿ ಪರವಾಗಿ ಕೋರ್ಟ್ 6-3ರಿಂದ ತೀರ್ಪು ಕೊಟ್ಟಿತು. ಅದು ಅವರ ವೈಯಕ್ತಿಕ ಪ್ರಾರ್ಥನೆ ಅಂತ. ನನಗೆ ಈ ತೀರ್ಪು ಸಮಾಧಾನ ಕೊಟ್ಟಿಲ್ಲ. ಯಾರನ್ನು ಆಡಿಸಬೇಕು ಅಂತ ತೀರ್ಮಾನಿಸುವ ಕೋಚ್ ಕೈಮುಗಿದು ನಿಂತಾಗ ಪಕ್ಕಕ್ಕೆ ಸರಿದು ನಿಲ್ಲುವುದು ಹದಿನೈದು ವರ್ಷದ ಹುಡುಗನಿಗೆ ಸುಲಭಾನಾ?

ಕೂಟದಲ್ಲಿ ಕೇಳುವ ಆ ಅಪ್ಪ ಅಮ್ಮಂದಿರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ಮಗು ತಾನಾಗಿ ಹೇಳಿಕೊಂಡರೆ ಯಾರ ಅಪ್ಪಣೆಯೂ ಬೇಡ. ಟೀಚರೇ ಇಡೀ ಕ್ಲಾಸಿಗೆ ಪ್ರಾರ್ಥನೆ ಮಾಡಿಸಿದರೆ, ಅದು ನಿಮ್ಮದೇ ದೇವರದ್ದಾದರೂ, ದಿನಾಂಕ ಬರೆದಿಟ್ಟುಕೊಂಡು ಪ್ರಿನ್ಸಿಪಾಲರಿಗೆ ಇಮೇಲ್ ಹಾಕಿ.