ಹೋದ ವರ್ಷ ಏನೂ ಆಗಿರಲಿಲ್ಲ ಅಲ್ವಾ?

ಮಳೆಗಾಲದಲ್ಲಿ ಗೋಣಿಕೊಪ್ಪದ ಮೆಡಿಕಲ್ ಶಾಪ್ ಮುಂದೆ ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ: "ಅಮಾಕ್ಸಿಸಿಲಿನ್ ಕೊಡಿ. ಹೋದ ವರ್ಷ ತಗೊಂಡಿದ್ದೆ, ಏನೂ ಆಗಿಲ್ಲ." ಆಗಿರಲಿಕ್ಕಿಲ್ಲ. ಅಮಾಕ್ಸಿಸಿಲಿನ್ ಸೇರಿದ ಪೆನಿಸಿಲಿನ್ ಜಾತಿಯ ಆಂಟಿಬಯಾಟಿಕ್‌ಗಳ ಅಲರ್ಜಿ ಸಾಮಾನ್ಯವಾಗಿ ಮೊದಲ ಸಲ ತಲೆ ಎತ್ತುವುದೇ ಇಲ್ಲ.

ಫ್ರಾನ್ಸಿನ ವಿಜ್ಞಾನಿಗಳಾದ ಶಾರ್ಲ್ ರಿಶೆ ಮತ್ತು ಪೋಲ್ ಪೋರ್ಟಿಯೆ ಸಮುದ್ರಜೀವಿಯೊಂದರ ವಿಷವನ್ನು ನಾಯಿಗಳಿಗೆ ಚುಚ್ಚುತ್ತಿದ್ದರು. ಮೊದಲ ಡೋಸ್ ತಡೆದುಕೊಂಡು ಚೆನ್ನಾಗೇ ಇದ್ದ ನಾಯಿ, ಕೆಲವು ವಾರ ಬಿಟ್ಟು ಮತ್ತೆ ಚುಚ್ಚಿದಾಗ ಅರ್ಧ ಗಂಟೆಯೊಳಗೆ ಸತ್ತಿತು! 1902ರಲ್ಲಿ ಅವರು ಈ ತೀವ್ರ ಪ್ರತಿಕ್ರಿಯೆಯನ್ನು ಅನಾಫಿಲಾಕ್ಸಿಸ್ ಎಂದು ಕರೆದರು. 1913ರ ನೊಬೆಲ್ ಮಾತ್ರ ರಿಶೆ ಒಬ್ಬರಿಗೇ ಬಂತು, ಪಾಪ ಪೋರ್ಟಿಯೆ.

ಪೆನಿಸಿಲಿನ್ ಅಣು ತೀರಾ ಚಿಕ್ಕದು. ಅದೊಂದೇ ಇದ್ದರೆ ರೋಗನಿರೋಧಕ ಪಡೆ ತಿರುಗಿಯೂ ನೋಡುವುದಿಲ್ಲ. ನಮ್ಮದೇ ಪ್ರೋಟೀನಿಗೆ ಅಂಟಿಕೊಂಡಾಗ ಅದು ಹೊಸಬನಂತೆ ಕಾಣುತ್ತದೆ. ಕೆಲವರ ದೇಹ ಆಗ ಐಜಿಇ ಎಂಬ ಪ್ರತಿಕಾಯ ತಯಾರಿಸುತ್ತದೆ. ಅದು ಚರ್ಮ, ಶ್ವಾಸನಾಳ, ಕರುಳುಗಳಲ್ಲಿರುವ ಮಾಸ್ಟ್ ಎಂಬ ರಕ್ಷಣಾ ಕೋಶಗಳ ಮೇಲೆ ಹೋಗಿ ಕೂರುತ್ತದೆ. ಒಮ್ಮೆ ಆನೆ ನುಗ್ಗಿದ ಮೇಲೆ ಕಾಫಿ ತೋಟದಲ್ಲಿ ಪಟಾಕಿ ಹಿಡಿದು ಕಾವಲು ಕೂರುವುದಿಲ್ವಾ, ಹಾಗೆ. ಇಲ್ಲಿ ಬಂದದ್ದು ಬರೀ ಕರು, ಆದರೂ ಡಬ್ಬಿಗಟ್ಟಲೆ ಪಟಾಕಿ ಸಿಡಿಸಿಬಿಡುತ್ತಾರೆ. ಮತ್ತೆ ಅದೇ ಔಷಧಿ ಬಂದಾಗ ಆ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕ ಚೆಲ್ಲುತ್ತವೆ. ಮೈಯೆಲ್ಲ ಗಂಧೆ, ತುಟಿ ಊತ, ಉಸಿರುಕಟ್ಟು, ಬಿಪಿ ಕುಸಿತ, ಎಲ್ಲ ನಿಮಿಷಗಳಲ್ಲಿ. ಆಗ ಬೇಕಾದ್ದು ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್. ಅಲರ್ಜಿ ಮಾತ್ರೆ ಸೆಟ್ರಿಜಿನ್ ನುಂಗಿ ಮನೆಯಲ್ಲಿ ಕಾಯಬೇಡಿ.

ಹಾಗಂತ ಎಲ್ಲವೂ ಅಲರ್ಜಿಯಲ್ಲ. ಕೊಡವರ ಕಕ್ಕಡ ತಿಂಗಳ 18ರಂದು ಮದ್ದುಸೊಪ್ಪಿನ ಪಾಯಸ ತಿಂದು ಮೂತ್ರ ಕೆಂಪಾದರೆ ಕೊಡಗಿನಲ್ಲಿ ಯಾರೂ ಗಾಬರಿಯಾಗುವುದಿಲ್ಲ. ಅದೇ ಮಂದಿ ಆಂಟಿಬಯಾಟಿಕ್ ನುಂಗಿ ಹೊಟ್ಟೆ ಕೆಟ್ಟರೆ "ನನಗೆ ಅಲರ್ಜಿ" ಅಂತ ಜೀವನಪೂರ್ತಿ ಹೇಳಿಕೊಂಡು ಓಡಾಡುತ್ತಾರೆ. ಆಸ್ಪಿರಿನ್, ಬ್ರುಫೆನ್‌ನಂಥ ನೋವಿನ ಮಾತ್ರೆಗಳ ಕಥೆಯೇ ಬೇರೆ. ಕೆಲವು ಆಸ್ತಮಾ ರೋಗಿಗಳಿಗೆ ಇವು ಉಸಿರು ಹಿಡಿಸುತ್ತವೆ, ಆದರೆ ಅಲ್ಲಿ ಐಜಿಇಗೆ ಕೆಲಸವಿಲ್ಲ. ಹಾಗಾಗಿ ಮೊದಲ ಮಾತ್ರೆಗೇ ಆಗಬಹುದು.

ಇನ್ನೊಂದು ತಮಾಷೆ. ಈ ಕಾವಲಿನವರೂ ಮರೆಯುತ್ತಾರೆ. ಪೆನಿಸಿಲಿನ್ ಅಲರ್ಜಿ ನಿಜವಾಗಿ ಇದ್ದವರಲ್ಲೂ 10 ವರ್ಷದಲ್ಲಿ ಸುಮಾರು 80 ಶೇಕಡಾ ಜನರಿಗೆ ಅದು ಹೋಗಿರುತ್ತದೆ. ನಿಮಗೆ ಹೋಗಿದೆಯಾ ಇಲ್ವಾ ಅಂತ ಆಸ್ಪತ್ರೆಯಲ್ಲಿ ಚರ್ಮದ ಪರೀಕ್ಷೆ ಮಾಡಿ ನೋಡಬೇಕು. ಮನೆಯಲ್ಲಿ ಅರ್ಧ ಮಾತ್ರೆ ಮುರಿದು ನುಂಗಿ ಅಲ್ಲ.